‘ಗೆಟ್ ಡೌನ್’: ಇಳಿಯುವುದೋ, ಬಾಗುವುದೋ?

ಭೂಕಂಪದ ಸಮಯದಲ್ಲಿ ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳನ್ನು ಕುರಿತ ಕಿರುಹೊತ್ತಗೆಯೊಂದರ ಕನ್ನಡ ಕರಡನ್ನು ಸಿದ್ಧಪಡಿಸುತ್ತಿದ್ದಾಗ, ಮೂಲದಲ್ಲಿದ್ದ ‘ಗೆಟ್ ಡೌನ್’ ಎಂಬ ಎರಡು ಮಾತಿನ ಆಜ್ಞೆಯನ್ನು ಈ ಲೇಖಕನು ‘ಕೂಡಲೇ ಕೆಳಗಿಳಿಯಿರಿ’ ಎಂದು ಅನುವಾದಿಸಿದ್ದುಂಟು. ನಿಘಂಟನ್ನು ನೋಡುವ ಅಗತ್ಯವೂ ತೋರಿರಲಿಲ್ಲ; ಶಾಲೆಯಲ್ಲಿ ಕಲಿತ ಅರ್ಥವೇ ಅದು. ಕರಡನ್ನು ಪರಿಶೀಲಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ಅಂಚಿನಲ್ಲಿ ಒಂದೇ ಪ್ರಶ್ನೆಯನ್ನು ಬರೆದು ಹಿಂದಿರುಗಿಸಿದರು: ‘ಮನೆ ನಡುಗುತ್ತಿರುವಾಗ ಮೆಟ್ಟಿಲ ಮೇಲೆ ಓಡಬೇಕೆ?’ ಮೂಲದ ಆಶಯ ಮೆಟ್ಟಿಲಿಳಿಯುವುದಾಗಿರಲಿಲ್ಲ. ಇದ್ದ ಸ್ಥಳದಲ್ಲಿಯೇ ಮೊಣಕಾಲೂರಿ ಬಾಗಿಕೊಳ್ಳುವುದಾಗಿತ್ತು. ಆ ಕರಡು ಅಚ್ಚಿಗೆ ಹೋಗಲಿಲ್ಲವೆಂಬುದು ಸಮಾಧಾನದ ಸಂಗತಿ.

ಚಲನೆಯನ್ನು ಸೂಚಿಸುವ ಇಂತಹ ಜೋಡಿಮಾತುಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ‘ಗೆಟ್’ ಎಂಬ ಕ್ರಿಯಾಪದಕ್ಕೆ ಸ್ವಂತದ ದಿಕ್ಕಿಲ್ಲ. ಅದರ ಮುಂದೆ ಬರುವ ‘ಇನ್’, ‘ಔಟ್’, ‘ಆನ್’, ‘ಆಫ್’, ‘ಅಪ್’, ‘ಡೌನ್’ ಮುಂತಾದ ಚಿಕ್ಕ ಮಾತುಗಳೇ ದಿಕ್ಕನ್ನು ಗೊತ್ತುಪಡಿಸುತ್ತವೆ. ಕನ್ನಡದ ಪದ್ಧತಿ ಇದಕ್ಕೆ ವಿರುದ್ಧವಾದುದು. ನಮ್ಮಲ್ಲಿ ದಿಕ್ಕು ಧಾತುವಿನಲ್ಲಿಯೇ ಅಡಗಿದೆ. ‘ಏರು’ ಎಂದೊಡನೆ ಮೇಲ್ಮುಖ, ‘ಇಳಿ’ ಎಂದೊಡನೆ ಕೆಳಮುಖ, ‘ಹೊಗು’ ಎಂದರೆ ಒಳಕ್ಕೆ, ‘ಹೊರಡು’ ಎಂದರೆ ಹೊರಕ್ಕೆ. ‘ಕೆಳಗಿಳಿ’ ಎನ್ನುವಾಗ ‘ಕೆಳಗೆ’ ಎಂಬುದು ಒತ್ತಿಗಾಗಿ ಬಂದಿದೆಯೇ ಹೊರತು ಅರ್ಥಕ್ಕಾಗಿ ಅಲ್ಲ. ಆದುದರಿಂದ ಇಂಗ್ಲಿಷಿನ ಒಂದು ಜೋಡಿಮಾತು ಐದಾರು ಬಗೆಯ ಚಲನೆಗಳಿಗೆ ಒದಗುವಾಗ ಕನ್ನಡದಲ್ಲಿ ಐದಾರು ಬೇರೆ ಬೇರೆ ಧಾತುಗಳೇ ಬೇಕಾಗುತ್ತವೆ. ಯಾವುದೋ ಒಂದನ್ನು ಹಿಡಿದು ಎಲ್ಲೆಡೆ ಬಳಸಿದರೆ ಮೇಲೆ ಹೇಳಿದಂತಹ ಪ್ರಮಾದ ಸಂಭವಿಸುತ್ತದೆ.

ನಮ್ಮ ದೇಶದಲ್ಲಿ ಈ ಮಾತು ಅತ್ಯಧಿಕವಾಗಿ ಕೇಳಿಬರುವುದು ರೈಲು ಹಾಗೂ ಬಸ್ಸುಗಳಲ್ಲಿ. ಕರ್ನಾಟಕದಿಂದ ಗಾಂಧಿಧಾಮ, ಅಜ್ಮೀರ್, ಜೋಧಪುರಗಳ ಕಡೆಗೆ ಹೋಗುವ ರೈಲುಗಳು ಸೂರತ್, ವಡೋದರಾ, ಅಹಮದಾಬಾದ್ ನಗರಗಳನ್ನು ಹಾದುಹೋಗುತ್ತವೆ. ವ್ಯಾಪಾರಕ್ಕಾಗಿ ಸೂರತ್ತಿನ ಬಟ್ಟೆ ಪೇಟೆಗೆ ಹೋಗುವವರೂ, ಉದ್ಯೋಗ ನಿಮಿತ್ತ ವಡೋದರಾದಲ್ಲಿ ನೆಲೆಸಿರುವವರೂ ಸಹಪ್ರಯಾಣಿಕರಿಂದ ಮೊದಲು ಕೇಳುವ ಇಂಗ್ಲಿಷ್ ಪ್ರಶ್ನೆ ‘ವೇರ್ ವಿಲ್ ಯೂ ಗೆಟ್ ಡೌನ್?’ ಎಂಬುದೇ. ಇಂಗ್ಲೆಂಡಿನವರಾದರೆ ಬಸ್ಸು, ರೈಲುಗಳ ವಿಷಯದಲ್ಲಿ ‘ಗೆಟ್ ಆಫ್’ ಎನ್ನುತ್ತಾರೆ. ಕಾರಿನ ವಿಷಯದಲ್ಲಿ ‘ಗೆಟ್ ಔಟ್’ ಎನ್ನುತ್ತಾರೆ. ಎದ್ದು ನಿಂತು ನಡೆದಾಡಬಹುದಾದ ವಾಹನಕ್ಕೆ ‘ಆನ್’ ಮತ್ತು ‘ಆಫ್’, ಮೈ ಮುದುಡಿ ಕುಳಿತುಕೊಳ್ಳಬೇಕಾದ ವಾಹನಕ್ಕೆ ‘ಇನ್’ ಮತ್ತು ‘ಔಟ್’ ಎಂದು ನೆನಪಿಟ್ಟುಕೊಂಡರೆ ಬಹುಮಟ್ಟಿಗೆ ಸಾಕು. ‘ಗೆಟ್ ಡೌನ್’ ಅವರಲ್ಲಿ ಏಣಿ, ಮರ, ಕುದುರೆ, ಗೋಡೆಗಳಿಗೆ ಮೀಸಲು.

ಹಾಗೆಂದು ನಮ್ಮವರ ಪ್ರಯೋಗವನ್ನು ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ. ಎತ್ತರದ ಕುದುರೆಗಾಡಿಗಳಿದ್ದ ಕಾಲದ ಇಂಗ್ಲಿಷಿನಲ್ಲಿ ಗಾಡಿಯಿಂದ ‘ಗೆಟ್ ಡೌನ್’ ಆಗುವುದು ಸಹಜವಾದ ಮಾತೇ ಆಗಿತ್ತು. ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಹಳಿಗಳು 1861ರಲ್ಲಿ ಬರೋಡಾವನ್ನೂ 1863ರಲ್ಲಿ ಅಹಮದಾಬಾದನ್ನೂ ತಲುಪಿದಾಗ ಅಂತಹ ಗಾಡಿಗಳು ಇನ್ನೂ ಬಳಕೆಯಲ್ಲಿದ್ದವು. ಜೊತೆಗೆ ನಮ್ಮ ಭಾಷೆಗಳ ಒತ್ತಾಸೆಯೂ ಆ ಮಾತಿಗೆ ದೊರೆಯಿತು. ಕನ್ನಡದಲ್ಲಿ ‘ರೈಲಿನಿಂದ ಇಳಿ’, ಹಿಂದಿಯಲ್ಲಿ ‘ಉತರ್‌ನಾ’, ಗುಜರಾತಿಯಲ್ಲಿ ‘ಊತರವುಂ’. ಈ ಮೂರರಲ್ಲಿಯೂ ಮರದಿಂದ ಇಳಿಯುವುದಕ್ಕೂ ಬಸ್ಸಿನಿಂದ ಇಳಿಯುವುದಕ್ಕೂ ಒಂದೇ ಧಾತು. ಮೂಲಭಾಷೆಯ ಈ ಐಕ್ಯವೇ ನಮ್ಮ ಇಂಗ್ಲಿಷಿಗೂ ಇಳಿದು ಬಂದಿದೆ.

ಗುಜರಾತಿಯಲ್ಲಂತೂ ಈ ಧಾತುವಿನ ಕುಟುಂಬ ದೊಡ್ಡದು. ಪ್ರಯಾಣಿಕನಿಗೆ ಅಲ್ಲಿ ‘ಉತಾರು’ ಎಂಬ ಹೆಸರಿದೆ. ತಂಗುವ ಸ್ಥಳಕ್ಕೆ ‘ಉತಾರೋ’ ಎನ್ನುತ್ತಾರೆ. ಇದು ನಮಗೆ ಅಪರಿಚಿತವಾದ ಭಾವನೆಯಲ್ಲ. ‘ಎಲ್ಲಿ ಇಳಿದುಕೊಂಡಿದ್ದೀರಿ?’ ಎಂದು ಕೇಳಿದರೆ ಯಾವ ನಿಲ್ದಾಣದಲ್ಲಿ ಎಂದಲ್ಲ, ಯಾವ ವಸತಿಗೃಹದಲ್ಲಿ ಅಥವಾ ಯಾರ ಮನೆಯಲ್ಲಿ ಎಂದೇ ಕನ್ನಡಿಗರು ಅರ್ಥ ಮಾಡಿಕೊಳ್ಳುತ್ತಾರೆ. ಕುದುರೆಯಿಂದಲೋ ಬಂಡಿಯಿಂದಲೋ ಇಳಿದಲ್ಲಿಯೇ ಬಿಡಾರ ಹೂಡುತ್ತಿದ್ದ ಕಾಲದ ನೆನಪನ್ನು ಎರಡೂ ಭಾಷೆಗಳು ಹೀಗೆ ಉಳಿಸಿಕೊಂಡಿವೆ. ಮಾನ್ಯಖೇಟದ ರಾಷ್ಟ್ರಕೂಟರ ಒಂದು ಶಾಖೆ ಒಂಬತ್ತನೆಯ ಶತಮಾನದಲ್ಲಿ ಇದೇ ಲಾಟ ದೇಶವನ್ನು ಆಳಿ, ಬರೋಡಾ ಮತ್ತು ಸೂರತ್ತಿನಲ್ಲಿ ದೊರೆತ ತಾಮ್ರಶಾಸನಗಳನ್ನು ಬಿಟ್ಟುಹೋಗಿರುವುದರಿಂದ, ಕನ್ನಡ ನಾಡಿನವರು ಅಲ್ಲಿ ‘ಇಳಿದುಕೊಳ್ಳುವುದು’ ಹೊಸತೇನೂ ಅಲ್ಲವೆನ್ನಬಹುದು. ಇಷ್ಟಾದರೂ ಇಂಗ್ಲಿಷಿನ ‘ಗೆಟ್ ಡೌನ್’ಗೆ ತಂಗುವ ಅರ್ಥವಿಲ್ಲ. ‘ಐ ಗಾಟ್ ಡೌನ್ ಇನ್ ಎ ಹೋಟೆಲ್’ ಎಂದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ.

ಇಳಿಯುವುದೆಂದರೆ ಕೆಳಕ್ಕೆ ಹೋಗುವುದು ಎಂಬ ಕಲ್ಪನೆಯೂ ಇಂದು ಸಡಿಲವಾಗುತ್ತಿದೆ. ಅಹಮದಾಬಾದಿನಲ್ಲಿ 2009ರ ಅಕ್ಟೋಬರಿನಲ್ಲಿ ಆರಂಭವಾದ ‘ಜನಮಾರ್ಗ’ ಬಸ್ ವ್ಯವಸ್ಥೆಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಸಮಮಟ್ಟದಲ್ಲಿವೆ. 2019ರಲ್ಲಿ ಪ್ರಾರಂಭವಾದ ಅಲ್ಲಿನ ಮೆಟ್ರೋ ರೈಲೂ ಹಾಗೆಯೇ. ಪ್ರಯಾಣಿಕನು ಒಂದು ಅಂಗುಲವೂ ಕೆಳಗೆ ಹೋಗದೆ ನೇರವಾಗಿ ನಡೆದು ಹೊರಬರುತ್ತಾನೆ. ಆದರೂ ನಾವು ‘ಇಳಿದೆ’ ಎಂದೇ ಹೇಳುತ್ತೇವೆ. ರೈಲ್ವೆಯ ಪರಿಭಾಷೆಯಲ್ಲಿ ‘ಡೌನ್’ ಎಂಬುದಕ್ಕೂ ಎತ್ತರಕ್ಕೂ ಸಂಬಂಧವಿಲ್ಲ. ಮುಂಬಯಿಯಿಂದ ಸೂರತ್, ವಡೋದರಾ ಮೂಲಕ ಅಹಮದಾಬಾದಿಗೆ ಹೋಗುವ ರೈಲು ಭೂಪಟದಲ್ಲಿ ಮೇಲ್ಮುಖವಾಗಿ, ಅಂದರೆ ಉತ್ತರಕ್ಕೆ ಸಾಗುತ್ತದೆ. ಪಶ್ಚಿಮ ರೈಲ್ವೆಯ ಲೆಕ್ಕದಲ್ಲಿ ಅದು ‘ಡೌನ್’ ರೈಲು. ಮುಖ್ಯ ಕೇಂದ್ರದಿಂದ ದೂರ ಸರಿಯುವುದೆಲ್ಲವೂ ಅಲ್ಲಿ ‘ಡೌನ್’. ಹಳೆಯ ಪ್ರಕಟಣೆಗಳಲ್ಲಿ ಇದನ್ನು ‘ಕೆಳಗಿನ ರೈಲು’ ಎಂದು ಕನ್ನಡಿಸಲು ಹೊರಡುವವರು ಓದುಗರನ್ನು ದಾರಿ ತಪ್ಪಿಸುತ್ತಾರೆ. ‘ಡೌನ್ ರೈಲು’ ಎಂದು ಹಾಗೆಯೇ ಉಳಿಸುವುದು ಲೇಸು.

ಇನ್ನು, ಎಲ್ಲಿ ಇಳಿಯಬೇಕೆಂಬ ಪ್ರಶ್ನೆ. ಗುಜರಾತಿನ ನಿಲ್ದಾಣಗಳಲ್ಲಿ ಹೆಸರಿನ ಫಲಕಗಳು ಗುಜರಾತಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿರುತ್ತವೆ. ಕನ್ನಡಿಗನಿಗೆ ಆಸರೆಯಾಗುವುದು ಕೊನೆಯ ಎರಡು. ಅಹಮದಾಬಾದಿನ ಮುಖ್ಯ ನಿಲ್ದಾಣವನ್ನು ಸ್ಥಳೀಯರು ಕಾಲುಪುರ ಎಂದು ಕರೆಯುತ್ತಾರೆ. ಅದಲ್ಲದೆ ಮಣಿನಗರ, ಸಾಬರ್‌ಮತಿ, ಅಸಾರ್ವಾ ನಿಲ್ದಾಣಗಳೂ ಅದೇ ನಗರದಲ್ಲಿವೆ. ಸೂರತ್ತಿಗೆ ಉಧನಾ ಎಂಬ ಜೊತೆಯ ನಿಲ್ದಾಣವಿದೆ. ಆದುದರಿಂದ ‘ಅಹಮದಾಬಾದಿನಲ್ಲಿ ಇಳಿಯುತ್ತೇನೆ’ ಎಂದುಕೊಂಡವರು ಚೀಟಿಯ ಮೇಲೆ ಮುದ್ರಿತವಾಗಿರುವ ನಿಲ್ದಾಣದ ಹೆಸರನ್ನು ಮತ್ತೊಮ್ಮೆ ನೋಡಿಕೊಳ್ಳತಕ್ಕದ್ದು. ನಿಲ್ದಾಣ ತಪ್ಪಿತೆಂದು ಗಾಬರಿಯಾಗಿ ಸರಪಳಿ ಎಳೆಯುವವರೂ ಇದ್ದಾರೆ. ಸಕಾರಣವಿಲ್ಲದೆ ಸರಪಳಿ ಎಳೆಯುವುದು 1989ರ ರೈಲ್ವೆ ಕಾಯಿದೆಯ 141ನೆಯ ಪ್ರಕರಣದ ಮೇರೆಗೆ ಅಪರಾಧ. ಮುಂದಿನ ನಿಲ್ದಾಣದವರೆಗೆ ಹೋಗಿ ಹಿಂದಿರುಗುವುದೇ ವಿವೇಕ.

ಚಲಿಸುತ್ತಿರುವ ಗಾಡಿಯಿಂದ ಇಳಿಯುವುದರ ಅಪಾಯವನ್ನು ಎಷ್ಟು ಬಾರಿ ಸಾರಿದರೂ ಕಡಿಮೆಯೇ. ನೆಲಕ್ಕೆ ತಾಗಿದ ಪಾದ ಒಡನೆಯೇ ನಿಲ್ಲುತ್ತದೆ; ಮೇಲಿನ ದೇಹ ಮಾತ್ರ ಜಡತ್ವದ ಕಾರಣ ಗಾಡಿಯ ವೇಗದಲ್ಲಿಯೇ ಮುಂದೆ ಧಾವಿಸುತ್ತದೆ. ಹಾಗೆ ಮುಗ್ಗರಿಸಿದವನು ಕಟ್ಟೆಯ ಮೇಲೆಯೇ ಬಿದ್ದರೆ ಗಾಯಗಳಷ್ಟೇ. ಕಟ್ಟೆಗೂ ಗಾಡಿಗೂ ನಡುವಣ ಸಂದಿಗೆ ಬಿದ್ದರೆ ಬದುಕುವುದು ದುರ್ಲಭ. ಕೈಯಲ್ಲಿ ಸಾಮಾನಿದ್ದರೆ ಸಮತೋಲ ಇನ್ನಷ್ಟು ಕೆಡುತ್ತದೆ. ಹೊರಟ ಗಾಡಿಯನ್ನು ಓಡಿಹೋಗಿ ಹತ್ತುವಾಗಲೂ ಇದೇ ಅಪಾಯ. ಹಿಡಿಕೆಯನ್ನು ಹಿಡಿದ ಕೈ ಜಾರಿದರೆ ಕಾಲು ಸಂದಿಯೊಳಗೆ ಹೋಗುತ್ತದೆ.

ಇಲ್ಲಿ ‘ಇಳಿ’, ‘ಹತ್ತು’, ‘ಬೀಳು’ ಎಂಬ ಮೂರು ಧಾತುಗಳ ನಡುವಣ ವ್ಯತ್ಯಾಸ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ರೈಲ್ವೆ ಕಾಯಿದೆಗೆ 1994ರಲ್ಲಿ ಸೇರ್ಪಡೆಯಾದ 124ಎ ಪ್ರಕರಣದ ಪ್ರಕಾರ, ‘ಅಹಿತಕರ ಘಟನೆ’ಯಲ್ಲಿ ಮಡಿದ ಅಥವಾ ಗಾಯಗೊಂಡ ಪ್ರಯಾಣಿಕರಿಗೆ, ರೈಲ್ವೆಯ ತಪ್ಪಿರಲಿ ಇಲ್ಲದಿರಲಿ, ಪರಿಹಾರ ಸಲ್ಲುತ್ತದೆ. ರೈಲಿನಿಂದ ಪ್ರಯಾಣಿಕನು ಆಕಸ್ಮಿಕವಾಗಿ ಬೀಳುವುದು ಅಂತಹ ಘಟನೆಗಳಲ್ಲಿ ಒಂದು. ರೈಲಿ‘ನಿಂದ’ ಬೀಳಬೇಕಾದರೆ ಮೊದಲು ರೈಲಿನೊಳಗೆ ಇರಬೇಕಲ್ಲವೇ? ಹತ್ತಲು ಯತ್ನಿಸುತ್ತಿರುವಾಗಲೇ ಬಿದ್ದವರ ಗತಿ ಏನು? ಅಕ್ಷರಾರ್ಥವನ್ನೇ ಹಿಡಿದರೆ ಅವರ ಕುಟುಂಬಗಳಿಗೆ ಏನೂ ದೊರೆಯುವಂತಿರಲಿಲ್ಲ. ಜನಹಿತಕ್ಕಾಗಿ ಮಾಡಿದ ಶಾಸನವನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿದ ಸರ್ವೋಚ್ಚ ನ್ಯಾಯಾಲಯವು, ಹತ್ತುವ ಯತ್ನದಲ್ಲಿ ಬೀಳುವುದೂ ಈ ಮಾತಿನಲ್ಲಿ ಅಡಕವೆಂದು 2008ರಲ್ಲಿ ತೀರ್ಪಿತ್ತಿತು. ಹತ್ತುವಾಗ ಅಥವಾ ಇಳಿಯುವಾಗ ಸಂಭವಿಸುವ ಸಾವುನೋವುಗಳಿಗೆ ಪ್ರಯಾಣಿಕನ ಅಜಾಗರೂಕತೆಯ ನೆಪವೊಂದರಿಂದಲೇ ಪರಿಹಾರವನ್ನು ನಿರಾಕರಿಸಲಾಗದೆಂದು 2018ರ ಮತ್ತೊಂದು ತೀರ್ಪಿನಲ್ಲಿ ಅದು ಸ್ಪಷ್ಟಪಡಿಸಿತು. ಮೃತದೇಹದ ಬಳಿ ಚೀಟಿ ಸಿಗಲಿಲ್ಲವೆಂಬ ಮಾತ್ರಕ್ಕೆ ಆತ ಪ್ರಯಾಣಿಕನೇ ಅಲ್ಲವೆಂದು ತೀರ್ಮಾನಿಸಲಾಗದು ಎಂದೂ ಅದೇ ತೀರ್ಪು ಹೇಳುತ್ತದೆ.

ಮರಣ ಸಂಭವಿಸಿದಲ್ಲಿ ಪರಿಹಾರದ ಮೊತ್ತ 2017ರ ಜನವರಿ 1ರಿಂದ 4 ಲಕ್ಷ ರೂಪಾಯಿಗಳಿಂದ 8 ಲಕ್ಷ ರೂಪಾಯಿಗಳಿಗೆ ಏರಿದೆ. ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ಸ್ವಂತದ ಅಪರಾಧ ಕೃತ್ಯ, ಮದ್ಯದ ಅಮಲು ಅಥವಾ ಬುದ್ಧಿಭ್ರಮಣೆಯಲ್ಲಿ ಎಸಗಿದ ಕೃತ್ಯ, ಸಹಜ ಕಾಯಿಲೆ ಇವುಗಳಿಗೆ ಪರಿಹಾರವಿಲ್ಲ. ಅರ್ಜಿಯನ್ನು ಘಟನೆ ನಡೆದ ಒಂದು ವರ್ಷದೊಳಗೆ ರೈಲ್ವೆ ಕ್ಲೇಮು ನ್ಯಾಯಮಂಡಲಿಗೆ ಸಲ್ಲಿಸಬೇಕು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಮಂಡಲಿ ಅದನ್ನು ಮನ್ನಿಸಬಹುದು. ಮಂಡಲಿಯ ಪೀಠಗಳು ಅಹಮದಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಇವೆ. ಚೀಟಿ ಕೊಂಡ ಸ್ಥಳ, ತಲುಪಬೇಕಾಗಿದ್ದ ನಿಲ್ದಾಣ, ಘಟನೆ ನಡೆದ ಸ್ಥಳ ಇವುಗಳಲ್ಲಿ ಯಾವುದರ ವ್ಯಾಪ್ತಿಯಲ್ಲಿಯಾದರೂ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಬೆಂಗಳೂರಿನಲ್ಲಿ ಚೀಟಿ ಕೊಂಡು ಹೊರಟು ವಡೋದರಾದಲ್ಲಿ ಅಪಘಾತಕ್ಕೀಡಾದವರ ಮನೆಯವರು ಅಷ್ಟು ದೂರ ಅಲೆಯಬೇಕಾದುದಿಲ್ಲ. ಈ ನಿಯಮಗಳನ್ನು ಕನ್ನಡಿಸುವವರು ‘ರೈಲಿನಿಂದ ಬೀಳುವುದು’ ಎಂದಷ್ಟೇ ಬರೆದು ನಿಲ್ಲಿಸದೆ ‘ಹತ್ತುವಾಗ ಅಥವಾ ಇಳಿಯುವಾಗ ಬೀಳುವುದೂ ಸೇರಿದಂತೆ’ ಎಂದು ವಿವರಿಸಿದರೆ ಉಪಕಾರವಾಗುತ್ತದೆ.

ಈಗ ಆರಂಭದಲ್ಲಿ ಪ್ರಸ್ತಾಪಿಸಿದ ಅರ್ಥಕ್ಕೆ ಬರೋಣ. ಅಪಾಯದ ಸಂದರ್ಭದಲ್ಲಿ ‘ಗೆಟ್ ಡೌನ್’ ಎಂದು ಯಾರಾದರೂ ಕೂಗಿದರೆ ಅದು ಸ್ಥಳ ಬದಲಾಯಿಸುವ ಸೂಚನೆಯಲ್ಲ, ಮೈಯನ್ನು ತಗ್ಗಿಸುವ ಸೂಚನೆ. ಬಾಗು, ಕುಕ್ಕರಿಸು, ಮೊಣಕಾಲೂರು, ಬೋರಲಾಗಿ ಮಲಗು ಇವುಗಳಲ್ಲಿ ಯಾವುದೆಂಬುದನ್ನು ಸಂದರ್ಭವೇ ತಿಳಿಸಬೇಕು. 2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್ಛ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ ಅಹಮದಾಬಾದಿನಲ್ಲಿ ಅನೇಕ ಬಹುಮಹಡಿ ಕಟ್ಟಡಗಳನ್ನು ಉರುಳಿಸಿ ನೂರಾರು ಜನರ ಪ್ರಾಣ ತೆಗೆಯಿತು. ಕುಸಿದವುಗಳಲ್ಲಿ ಹಲವು, ನೆಲದಂತಸ್ತನ್ನು ವಾಹನ ನಿಲುಗಡೆಗಾಗಿ ಗೋಡೆಗಳಿಲ್ಲದೆ ತೆರವಾಗಿ ಬಿಟ್ಟು ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡಗಳು. ಅಂತಹ ಕಟ್ಟಡಗಳಲ್ಲಿ ಅತ್ಯಂತ ದುರ್ಬಲವಾದುದು ಆ ನೆಲದಂತಸ್ತೇ. ನಡುಕದ ನಡುವೆ ಮೆಟ್ಟಿಲಿಳಿದು ಓಡುವವನು ಸೇರುವುದು ನೇರವಾಗಿ ಅಲ್ಲಿಗೆ. ದಾರಿಯಲ್ಲಿ ಸಿಗುವ ಮೆಟ್ಟಿಲುಗಳೂ ಸುರಕ್ಷಿತವಲ್ಲ. ಆದುದರಿಂದಲೇ ಬಾಗಿ ಕುಳಿತು, ಗಟ್ಟಿಮುಟ್ಟಾದ ಮೇಜಿನಡಿ ಸೇರಿ, ಅದರ ಕಾಲನ್ನು ಹಿಡಿದುಕೊಂಡು, ನಡುಕ ನಿಂತ ಮೇಲೆ ಹೊರಬರಬೇಕೆಂಬ ಸಲಹೆ. ಮೇಜಿಲ್ಲದಿದ್ದರೆ ಒಳಗೋಡೆಯ ಬಳಿ ಕುಕ್ಕರಿಸಿ ತಲೆ ಹಾಗೂ ಕತ್ತನ್ನು ತೋಳುಗಳಿಂದ ಮುಚ್ಚಿಕೊಳ್ಳಬೇಕು. ‘ಕೂಡಲೇ ಕೆಳಗಿಳಿಯಿರಿ’ ಎಂಬ ಅನುವಾದ ಏನನ್ನು ಮಾಡುತ್ತಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಅದೇ ದುರಂತದ ತರುವಾಯ, 2003ರಲ್ಲಿ, ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಶಾಸನವನ್ನು ರಚಿಸಿದ ಪ್ರಥಮ ರಾಜ್ಯ ಗುಜರಾತ್. ಕೇಂದ್ರದ ಕಾಯಿದೆ ಬಂದುದು 2005ರಲ್ಲಿ.

ಬೆಂಕಿಯ ವಿಷಯ ಇನ್ನೂ ಜಟಿಲ, ಏಕೆಂದರೆ ಅಲ್ಲಿ ಎರಡು ಅರ್ಥಗಳೂ ಒಂದರ ಹಿಂದೆ ಒಂದರಂತೆ ಬೇಕಾಗುತ್ತವೆ. ಹೊಗೆಯೂ ಬಿಸಿ ಅನಿಲಗಳೂ ಮೇಲೇರಿ ಚಾವಣಿಯ ಕೆಳಗೆ ಮಡುಗಟ್ಟಿ, ಕ್ರಮೇಣ ಕೆಳಕ್ಕೆ ಹಬ್ಬುತ್ತವೆ. ಉಸಿರಾಡಲು ಯೋಗ್ಯವಾದ ಗಾಳಿ ಕೊನೆಯವರೆಗೂ ಉಳಿಯುವುದು ನೆಲದಿಂದ ಒಂದೆರಡು ಅಡಿಗಳ ಎತ್ತರದಲ್ಲಿ ಮಾತ್ರ. ಆದುದರಿಂದ ‘ಗೆಟ್ ಡೌನ್’ ಎಂಬ ಮೊದಲ ಆಜ್ಞೆಯ ಅರ್ಥ, ಬಾಗಿ ತೆವಳಿಕೊಂಡು ಬಾಗಿಲ ಕಡೆಗೆ ಸಾಗುವುದು. ಬಾಗಿಲನ್ನು ಮುಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿಲ್ಲದಿದ್ದರೆ ಮೆಟ್ಟಿಲುಗಳ ಮೂಲಕ ಇಳಿದು ಹೋಗುವುದು ಎರಡನೆಯ ಹಂತ, ಲಿಫ್ಟನ್ನು ಬಳಸಕೂಡದು. ಬಾಗಿಲು ಕಾದಿದ್ದರೆ ತೆರೆಯದೆ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು ಬಟ್ಟೆ ಬೀಸಿ ಕರೆಯಬೇಕು.

ಸೂರತ್ತಿನ ಸರಥಾಣಾ ಭಾಗದ ತಕ್ಷಶಿಲಾ ಆರ್ಕೇಡ್ ಎಂಬ ವಾಣಿಜ್ಯ ಕಟ್ಟಡದಲ್ಲಿ 2019ರ ಮೇ 24ರಂದು ಬೆಂಕಿ ಹೊತ್ತಿಕೊಂಡಾಗ ಮೇಲಂತಸ್ತಿನ ಪಾಠದ ತರಗತಿಗಳಲ್ಲಿದ್ದ 22 ಯುವಜನರು ಅಸುನೀಗಿದರು. ಕೆಳಗಿಳಿಯಲು ದಾರಿಯಿಲ್ಲದೆ ಹಲವರು ಮೇಲಿನಿಂದ ಜಿಗಿದರು. ಅವರಲ್ಲಿ ಯಾರಿಗೂ ಯಾವ ಮಾತಿನ ಅರ್ಥವೂ ತಿಳಿಯದೆ ಹಾಗಾಯಿತೆಂದು ಹೇಳುವುದು ಕ್ರೌರ್ಯ. ಇಳಿಯುವ ದಾರಿಯೇ ಇಲ್ಲದ ಕಟ್ಟಡದಲ್ಲಿ ಶಬ್ದಾರ್ಥ ವಿಚಾರ ನಿಷ್ಪ್ರಯೋಜಕ. ಮಕ್ಕಳನ್ನು ಪಾಠಕ್ಕೆ ಕಳುಹಿಸುವ ಪೋಷಕರು ಶುಲ್ಕದ ಜೊತೆಗೆ ಎರಡನೆಯ ಮೆಟ್ಟಿಲ ಸಾಲು ಎಲ್ಲಿದೆಯೆಂಬುದನ್ನೂ ವಿಚಾರಿಸಬೇಕು. ಅಂತಹ ದಾರಿಯಿರುವ ಕಟ್ಟಡಗಳಲ್ಲಿ ತೂಗುಹಾಕುವ ಸೂಚನಾಫಲಕಗಳನ್ನಾದರೂ ಎರಡು ಪ್ರತ್ಯೇಕ ಧಾತುಗಳಲ್ಲಿ ಬರೆಯಬೇಕು: ‘ಹೊಗೆಯಲ್ಲಿ ಬಾಗಿ ತೆವಳಿರಿ’, ‘ಮೆಟ್ಟಿಲಿನಿಂದ ಇಳಿಯಿರಿ’.

ಉಳಿದ ಅರ್ಥಗಳನ್ನು ಬೇಗ ನೋಡಿಬಿಡಬಹುದು. ಔಷಧವನ್ನು ‘ಗೆಟ್ ಡೌನ್’ ಮಾಡುವುದೆಂದರೆ ನುಂಗುವುದು. ಕನ್ನಡದಲ್ಲಿಯೂ ಗಂಟಲಲ್ಲಿ ಇಳಿಯುವುದು ಎನ್ನುತ್ತೇವೆ. ಹೇಳಿದ್ದನ್ನು ‘ಗೆಟ್ ಡೌನ್’ ಮಾಡುವುದೆಂದರೆ ಬರೆದುಕೊಳ್ಳುವುದು. ಯಾವುದಾದರೂ ಸಂಗತಿ ಒಬ್ಬನನ್ನು ‘ಗೆಟ್ ಡೌನ್’ ಮಾಡಿದರೆ ಅವನ ಮನಸ್ಸು ಕುಗ್ಗಿತೆಂದು ಅರ್ಥ. ಇಲ್ಲಿ ‘ಇಳಿಸು’ ಎಂದು ಬರೆದರೆ ಅಪಾರ್ಥವಾಗುತ್ತದೆ. ಊಟದ ಮೇಜಿನಿಂದ ಏಳಲು ಇಂಗ್ಲೆಂಡಿನ ಮಕ್ಕಳು ‘ಗೆಟ್ ಡೌನ್’ ಆಗಲು ಅನುಮತಿ ಕೇಳುವುದುಂಟು. ಮುಂದೆ ‘ಟು’ ಸೇರಿ ‘ಗೆಟ್ ಡೌನ್ ಟು ವರ್ಕ್’ ಎಂದಾದಾಗ ಮಾತ್ರ ಕನ್ನಡ ಅನುವಾದಕನಿಗೆ ಅಪರೂಪದ ಸುಖ ಕಾದಿರುತ್ತದೆ. ‘ಕೆಲಸಕ್ಕಿಳಿ’ ಎಂಬುದು ಅದರ ಅಚ್ಚುಪಡಿ. ಮಾತಿಗಿಳಿ, ಕಣಕ್ಕಿಳಿ, ಬೀದಿಗಿಳಿ ಎಂಬ ನುಡಿಗಟ್ಟುಗಳೆಲ್ಲ ಇದೇ ಜಾಡಿನವು. ಎರಡು ದೂರದ ಭಾಷೆಗಳು ಕೆಲಸವನ್ನು ತಗ್ಗಿನಲ್ಲಿರುವ ವಸ್ತುವೆಂದು ಹೇಗೆ ಭಾವಿಸಿದವೋ ತಿಳಿಯದು.

ನೀರಿನ ಸಂಬಂಧದಲ್ಲಿ ಕನ್ನಡವೇ ಎಚ್ಚರಿಕೆಯನ್ನು ಬೇಡುತ್ತದೆ. ‘ನೀರು ಇಳಿಯಿತು’ ಮತ್ತು ‘ನೀರಿಗೆ ಇಳಿದ’ ಇವೆರಡರಲ್ಲಿ ಧಾತು ಒಂದೇ, ಕರ್ತೃ ಬೇರೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಗೋ ಡೌನ್’ ಎನ್ನಬೇಕು, ‘ಗೆಟ್ ಡೌನ್’ ಸಲ್ಲದು. 2006ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ಹೊರಬಿಟ್ಟ ನೀರಿನಿಂದ ತಾಪಿ ನದಿ ಉಕ್ಕಿ ಸೂರತ್ ನಗರದ ಬಹುಭಾಗ ಮುಳುಗಿದಾಗ ಜನರು ಮಹಡಿಗಳ ಮೇಲೆ ಆಶ್ರಯ ಪಡೆದು, ನೀರು ಇಳಿಯುವುದನ್ನೇ ಕಾಯಬೇಕಾಯಿತು. ವಡೋದರಾದ ನಡುವೆ ಹರಿಯುವ ವಿಶ್ವಾಮಿತ್ರಿ ನದಿ 2019ರಲ್ಲಿಯೂ 2024ರಲ್ಲಿಯೂ ದಡ ಮೀರಿದಾಗ ಅದರಲ್ಲಿ ವಾಸಿಸುವ ಮೊಸಳೆಗಳು ಬಡಾವಣೆಗಳಿಗೆ ಬಂದಿದ್ದವು. ನೀರಿಗಿಳಿಯದೆ ಈಜು ಬಾರದೆಂಬ ಗಾದೆ ಇಂತಹ ದಿನಗಳಿಗೆ ಹೇಳಿದ್ದಲ್ಲ. ಅರ್ಧ ಅಡಿ ಆಳದ ನೀರೂ ರಭಸವಾಗಿ ಹರಿಯುತ್ತಿದ್ದರೆ ಮನುಷ್ಯನ ಕಾಲನ್ನು ಕೀಳಬಲ್ಲುದು. ನೀರಿನಡಿ ಮುಚ್ಚಳವಿಲ್ಲದ ಚರಂಡಿಯಿರಬಹುದು, ತುಂಡಾದ ವಿದ್ಯುತ್ ತಂತಿಯೂ ಇರಬಹುದು. ನೀರು ಇಳಿದ ಬಳಿಕವೂ ಮನೆಯ ವಿದ್ಯುತ್ ಸಂಪರ್ಕವನ್ನು ಪರಿಣತರಿಂದ ಪರೀಕ್ಷಿಸದೆ ಗುಂಡಿ ಒತ್ತಬಾರದು, ಕುಡಿಯುವ ನೀರನ್ನು ಕುದಿಸದೆ ಬಳಸಬಾರದು.